ಕಿತ್ತ ಹಲ್ಲಿನ ಗುಂಡಿ, ಕರಿಯಮ್ಮನ ಲವಂಗ

ಮಂಗಳವಾರ ಕಣ್ರಲಾ ಅದು. ಸೋಮವಾರ ಅಂದೆನಾ ಆಗ್ಲೇ? ಅಲ್ಲ, ಮಂಗಳವಾರ; ಸಿರಾ ಸಂತೆ ಮಂಗಳವಾರ ತಾನೆ, ರೋಡ್ನಾಗೆ ಕುರಿ ಮಂದೆ ಸಂತೆ ಕಡೀಗೆ ಹೋಗ್ತಿತ್ತು, ಅದಕ್ಕೇ ಜ್ಞಾಪಕ. ನಾನು ಮೊದಲ್ನೇ ಸಲ ಮನೆ ಬುಟ್ಟು ಹೊಂಟಿದ್ದು ಅವತ್ತು. ಮೇಷ್ಟ್ರು ಮಗ್ಗಿ ಹೇಳಿಸ್ತಾವ್ರೆ, ಎಲ್ರೂ ಒಂದೇ ರಾಗದಾಗೆ ಕೂಗ್ತಾವ್ರೆ, ನನ್ನ ಕಣ್ಣು ಮಾತ್ರ ಕಿಟಕಿಯಾಚೆ. ಮಂದೆ ಮುಂದೆ ಒಬ್ಬ ಮುದುಕ, ಹೆಗಲ ಮ್ಯಾಲೆ ಕಂಬಳಿ, ಹಿಂದಕ್ಕೆ ತಿರುಗಿ ನೋಡ್ದೆ ನಡೀತಾವ್ನೆ, ಅಷ್ಟೂ ಕುರಿ ಅವನ ಬೆನ್ನಿಂದೆ. "ಸಾ, ನೀರು ಕುಡ್ಕಂಡ್ ಬತ್ತೀನಿ" ಅಂತ ಎದ್ದೋನು ಆ ಇಸ್ಕೂಲಿಗೆ ವಾಪಸ್ ಹೋಗ್ಲೇ ಇಲ್ಲ. ನಿಮ್ಮಜ್ಜಿ ಕರಿಯಮ್ಮ, ನನ್ನ ತಂಗಿ, ಇವತ್ತಿಗೂ ಹಂಗಿಸ್ತಾಳೆ, "ನಮ್ಮಣ್ಣ ಇನ್ನೂ ಆ ನೀರು ಕುಡೀತಾನೇ ಅವ್ನೆ" ಅಂತ. ಯಾಕೆ ಹೇಳ್ದೆ ಇದನ್ನ? ಹಾಂ, ಲಚ್ಚಿ ಕೇಳಿದ್ಲಲ್ಲ, ತಾತ, ಕಂಬಳಿ ಗಂಟಿನಾಗೆ ಲವಂಗದ ಪೊಟ್ಟಣ ಯಾಕೆ ಕಟ್ತೀಯಾ, ನೀನೇನು ಪಲಾವ್ ಮಾಡೋಕೆ ಹೋಗ್ತೀಯಾ ಅಂತ. ಅದಕ್ಕೇ. ಒಂದು ಮಂಗಳವಾರ ನನ್ನ ಕಾಲು ಮನೆಯಿಂದ ಆಚೆ ಬಿತ್ತು, ಹೋದ ವರ್ಷ ಇನ್ನೊಂದು ಮಂಗಳವಾರ ನನ್ನ ಹಲ್ಲು ಬಾಯಿಂದ ಆಚೆ ಬಿತ್ತು. ಅಲ್ಲಿಂದ ಶುರು ಕಥೆ.

ನನ್ನ ಹಲ್ಲು ಅಂದ್ರೆ ಹೆಂಗಿದ್ವು ಅಂತೀರಾ. ಹುರಿದ ಹುಣಸೆ ಬೀಜ ಕಟುಂ ಅನ್ನಿಸ್ತಿದ್ದೆ. ಹಗ್ಗದ ಗಂಟು ಬಿಚ್ಚೋಕೆ ಕೈಯೇ ಬೇಡ. ಸೋಡಾ ಬಾಟ್ಲಿ ಮುಚ್ಚಳ ಹಲ್ಲಾಗೇ ತೆಗೆದು, ನೋಡ್ದೋರು "ಅಬ್ಬಾ ಈರಣ್ಣ" ಅನ್ಲಿ ಅಂತ ಸುತ್ತ ನೋಡ್ತಿದ್ದೆ. ಅಂಥಾದ್ರಾಗೆ ಕೆಳಗಡೆ ಹಿಂದಿನ ದವಡೆ ಹಲ್ಲು ಒಳಗೊಳಗೇ ಕೊಳೆತು, ಕೆನ್ನೆ ಊದಿ, ಸಿರಾ ಸಂತೆಗೆ ಟಗರು ನೋಡೋಕೆ ಹೋದೋನು ಟಗರು ಬುಟ್ಟು ಹಲ್ಲಿನ ಡಾಕ್ಟ್ರಮ್ಮನ ಹತ್ರ ಹೋಗಿ ಕುಂತೆ. ಅಲ್ಲಿದ್ದ ನರ್ಸಮ್ಮ, "ಆವೋ ಚಾಚಾ, ಬೈಠೋ, ಡರೋ ಮತ್", ಬಾ ಕುಂತ್ಕ, ಹೆದರ್ಬ್ಯಾಡ ಅಂತ ನನ್ನ ಕಂಬಳಿ ಇಸ್ಕಂಡು ಮೂಲೇಗಿಟ್ಲು. ಡಾಕ್ಟ್ರಮ್ಮ ಇನ್ನೂ ಸಣ್ಣ ವಯಸ್ಸು, ಕೈ ಮಾತ್ರ ಗಟ್ಟಿ. ಕಿತ್ತಿದ್ದೇ ಗೊತ್ತಾಗ್ಲಿಲ್ಲ. ಕಿತ್ತು, ಹತ್ತಿ ಕಚ್ಚಿಸಿ, ನನ್ನ ಮುಂದೇನೇ ಕುಂತ್ಕಂಡು ನಿಧಾನಕ್ಕೆ ಹೇಳಿದ್ರು, "ತಾತ, ಹಲ್ಲಿದ್ದ ಗುಂಡೀಲಿ ಈಗ ರಕ್ತ ಹೆಪ್ಪುಗಟ್ಟುತ್ತೆ. ಆ ಹೆಪ್ಪೇ ನಿಮಗೆ ಔಷಧಿ. ಅದು ಕಿತ್ತು ಬರಬಾರದು. ಜೋರಾಗಿ ಉಗೀಬೇಡಿ, ಬಾಯಿ ಮುಕ್ಕಳಿಸಬೇಡಿ, ಬೀಡಿ ಮುಟ್ಟಲೇಬೇಡಿ, ಬಾಯಲ್ಲಿ ಏನನ್ನೂ ಹೀರಿ ಎಳೀಬೇಡಿ. ಉಪ್ಪು ನೀರು ನಾಳೆಯಿಂದ, ಅದೂ ಮೆಲ್ಲಗೆ." ಹೂಂ ಅಂದೆ. ಬಾಯ್ತುಂಬ ಹತ್ತಿ ಇಟ್ಕಂಡು ಹೂಂ ಅನ್ನದೆ ಇನ್ನೇನು ಅನ್ಲಿ.

ಆದ್ರೆ ನಂಗೆ ಅವಸರ ಕಣ್ರಲಾ. ಸಂಕ್ರಾಂತಿ ಕಳೆದಿತ್ತು. ಇಲ್ಲಿ ಕ್ಯಾತಗಾನಚೆರ್ಲಿನಾಗೆ ನಿಮ್ಮಜ್ಜಿಯ ಮಂದೆ ನನ್ನ ದಾರಿ ಕಾಯ್ತಿತ್ತು. ಹೊಲ ಎಲ್ಲಾ ಸೋಲಾರ್‌ನೋರಿಗೆ ಗುತ್ತಿಗೆಗೆ ಹೋದ ಮ್ಯಾಲೆ ಅವಳ ಹತ್ರ ಉಳಿದಿದ್ದು ಕುರಿ ಒಂದೇ. ಮಳೆಗಾಲದಾಗೆ ಆ ಪ್ಯಾನಲ್ ಕೆಳಗೆ ಒಂದಷ್ಟು ಹುಲ್ಲು ಇರ್ತದೆ, ಸಂಕ್ರಾಂತಿ ಆದ ಮ್ಯಾಲೆ ಅಲ್ಲಿ ನೆರಳು ಐತೆ, ಮೇವಿಲ್ಲ. ಅದಕ್ಕೇ ವರ್ಷಾ ವರ್ಷಾ ನಾನು ಎಲ್ಲಿದ್ರೂ ಬಂದು, ಮಂದೇನ ಮಧುಗಿರಿ ದಾಟ್ಸಿ ಕೊರಟಗೆರೆ ಕಡೆ ಕೊಳಾಲಕ್ಕೆ ಹೊಡ್ಕಂಡ್ ಹೋಗಿ, ರಾಗಿ ಕೊಯ್ದ ಹೊಲದಾಗೆ ಮಂದೆ ನಿಲ್ಲಿಸ್ತೀನಿ. ಕುರಿಗೆ ಮೇವು, ಹೊಲಕ್ಕೆ ಗೊಬ್ಬರ. ಪಕ್ಕದ ಹಟ್ಟಿಯೋರ ಮಂದೇನೂ ಜೊತೆಗೆ ಹೊಂಟಿರ್ತದೆ, ಅವ್ರು ಒಬ್ಬರಿಗೋಸ್ಕರ ಕಾಯೋಕಾಗಲ್ಲ. ಆ ಸಲ ನಿಮ್ಮಪ್ಪ ಮೊದ್ಲೇ ಹೇಳ್ಬುಟ್ಟಿದ್ದ, "ಮಾವ ಬಂದ್ರೆ ಸರಿ. ಬರ್ದಿದ್ರೆ ಕುರಿ ಮಾರ್ಬುಡಾನ ಅಮ್ಮ. ನಂಗೆ ಪ್ಲಾಂಟ್ ಡ್ಯೂಟಿ ಬುಟ್ಟು ಬರೋಕಾಗಲ್ಲ, ಇಲ್ಲೇ ಇಟ್ರೆ ಹಸ್ಕಂಡು ಸಾಯ್ತವೆ." ಅದಕ್ಕೆ ಕರಿಯಮ್ಮ ನಂಗೆ ಫೋನ್ ಮಾಡಿ ಒಂದೇ ಮಾತು ಅಂದಿದ್ಲು: "ಅಣ್ಣಯ್ಯಾ, ಹೊಲ ಕನ್ನಡಿ ಹೊದ್ಕಂಡು ಮಲಗೈತೆ. ಕುರೀನೂ ಹೋದ್ರೆ ನಾನು ಬೆಳಗಾಗೆದ್ದು ಯಾರ ಮುಖ ನೋಡ್ಲಿ?" ಆ ಮಾತು ಕಿವಿಯಾಗೆ ಇಟ್ಕಂಡು ನಾನು ಸಿರಾದಾಗೆ ಬಸ್ ಹತ್ತಿದ್ದು.

ಮಧುಗಿರಿಯಾಗೆ ಇಳಿದೆ. ಇಳಿದದ್ದೇ ತಪ್ಪಾಯ್ತು ನೋಡಿ. ಅಲ್ಲಿ ರಂಗಪ್ಪ ಅಂತ ನನ್ನ ಹಳೇ ಸ್ನೇಹಿತ, ಹುಣಸೆ ಬಡಿಯೋ ಕೆಲಸದಾಗೆ ಜೊತೆಗಿದ್ದೋನು, ಬಾರಲಾ ಮನೀಗೆ ಅಂತ ಎಳ್ಕಂಡ್ ಹೋದ. ಮಾರನೇ ದಿನ ಹಲ್ಲು ಕಿತ್ತ ಜಾಗ ವಸಿ ನೋಯ್ತಿತ್ತು. ವಸೀನೇ. ಕಿತ್ತ ಮ್ಯಾಲೆ ಅಷ್ಟು ನೋಯ್ದಿರ್ತದಾ? ಆದ್ರೆ ರಂಗಪ್ಪ ತಲೆ ಅಲ್ಲಾಡಿಸ್ತಾ, "ಲೇ ಈರಾ, ಹಲ್ಲು ಕಿತ್ತವ್ರೆ ಸರಿ. ಹುಳ ಕಿತ್ತವ್ರಾ?" ಅಂದ. "ಯಾವ ಹುಳಾನೋ?" "ಹಲ್ಲು ಕೊರೆದ ಹುಳಾನಲಾ! ಮನೆ ಕೆಡವಿದ್ರೆ ಹಾವು ಸಾಯ್ತದಾ? ಗುಂಡಿಯಾಗೇ ಕುಂತಿರ್ತದೆ." ನಂಗೂ ಹೌದು ಅನ್ನಿಸ್ತು. ನಮ್ಮವ್ವನ ಕಾಲದಿಂದ ಕೇಳ್ಕಂಡು ಬಂದ ಮಾತಲ್ವಾ. ಸರಿ, ನೆಲಗುಳ್ಳದ ಹೊಗೆ ಹಾಕ್ಬುಡಾನ ಅಂದ. ಮುಳ್ಳು ಮುಳ್ಳು ಗಿಡ, ಗೋಲಿಯಂಥಾ ಹಳದಿ ಕಾಯಿ ಬಿಡ್ತದಲ್ಲ, ಬೇಲಿ ಪಕ್ಕ ನೆಲದ ಮ್ಯಾಲೆ, ಅದು. ಅದರ ಒಣಗಿದ ಬೀಜಕ್ಕೆ ತುಪ್ಪ ಸವರಿ, ಓಡಿನ ಚೂರಿನಾಗೆ ಕೆಂಡ ಇಟ್ಟು, ಬೀಜ ಉದುರಿಸಿ, ಮ್ಯಾಲೆ ತೂತು ಮಾಡಿದ ತೆಂಗಿನ ಚಿಪ್ಪು ಕವುಚಿ, ಆ ತೂತಿಗೆ ಪರಂಗಿ ಎಲೆಯ ಕೊಳವೆಯಂಥಾ ದಂಟು ಸಿಕ್ಕಿಸಿ, "ಎಳಿ, ಜೋರಾಗಿ ಎಳಿ, ನೋಯೋ ಕಡೀಗೆ ಹೊಗೆ ಹಿಡಿ, ನೀರಿಗೆ ಉಗಿ" ಅಂದ. ಎಳೆದೆ ಕಣ್ರಲಾ! ಪ್ರಾಣ ಕಟ್ಕಂಡು ಎಳೆದೆ. ಎಳೆಯೋದು, ಉಗಿಯೋದು, ಎಳೆಯೋದು, ಉಗಿಯೋದು. ತಟ್ಟೆ ನೀರಿನಾಗೆ ಬಿಳೀ ಬಿಳೀ ಎಳೆ ತೇಲಿದ್ವು. "ನೋಡು ಹುಳ!" ಅಂದ ರಂಗಪ್ಪ. ಅವು ಸಿಡಿದ ಬೀಜದೊಳಗಿನ ಮೊಳಕೆ ಅಂತ ನಂಗಾಮೇಲೆ ಗೊತ್ತಾಯ್ತು, ಅವನಿಗೆ ಪಾಪ ಇನ್ನೂ ಗೊತ್ತಿಲ್ಲ, ಹೇಳೋಕೆ ನಂಗೂ ಮನಸ್ಸಾಗ್ಲಿಲ್ಲ. ಹುಳದ ಜೊತೆಗೆ ಕಪ್ಪಗೆ ಒಂದು ರಕ್ತದ ಗಂಟೂ ಬಂತು. ಅದನ್ನ ನೋಡಿ ನಾವಿಬ್ರೂ ಇನ್ನೂ ಖುಷಿಪಟ್ವಿ, ವಿಷ ಎಲ್ಲಾ ಆಚೆ ಬಂತು ಅಂತ. ಡಾಕ್ಟ್ರಮ್ಮ ಕಾಪಾಡ್ಕಳಿ ಅಂದಿದ್ದ ಹೆಪ್ಪು ಅದೇ! ಏನೇನು ಬ್ಯಾಡ ಅಂದಿದ್ರೋ ಅಷ್ಟನ್ನೂ ಕುಂತ ಜಾಗದಾಗೇ ಮಾಡಿ ಮುಗಿಸಿದ್ದೆ.

ಮಾರನೇ ದಿನ ಪಾವಗಡದ ಬಸ್ನಾಗೆ ಶುರುವಾಯ್ತು. ಹಲ್ಲು ನೋವು ನಂಗೊತ್ತು, ಇದು ಅದಲ್ಲ. ದವಡೆಯಿಂದ ಕಿವಿಗೆ, ಕಿವಿಯಿಂದ ಕಣ್ಣ ಪಕ್ಕಕ್ಕೆ, ಯಾರೋ ಕಾದ ಸೂಜಿಗೆ ದಾರ ಪೋಣಿಸಿ ಹೊಲೀತಾವ್ರೆ ಅನ್ನಂಗೆ. ಬಾಯಾಗೆ ಕೆಟ್ಟ ವಾಸನೆ, ನನ್ನ ವಾಸನೆ ನಂಗೇ ಆಗ್ತಿಲ್ಲ. ಬಸ್ಸು ಗುಂಡಿ ಇಳಿದಾಗ್ಲೆಲ್ಲ ನಮ್ಮವ್ವನ್ನ ಕರ್ದೆ. ಪಕ್ಕದಾಗಿದ್ದ ಹೆಣ್ಮಗಳು, "ಏಮಯ್ಯಿಂದಿ ತಾತಾ?" ಏನಾಯ್ತು ಅಂದ್ಲು, ಕೈಯಾಗೆ ಕೆನ್ನೆ ತೋರ್ಸಿದೆ ಅಷ್ಟೆ. ಇಲ್ಲಿಗೆ ಬಂದೋನು ಇದೇ ಜಗಲಿ ಮ್ಯಾಲೆ ಟವಲ್ ಕಟ್ಕಂಡು ಬಿದ್ಕಂಡೆ. ಕರಿಯಮ್ಮ ಬಂದು ನಿಂತ್ಕಂಡ್ಲು. ಅಯ್ಯೋ ಅಪ್ಪಾ ಅಂತ ಅಳ್ಲಿಲ್ಲ, ಕಿರುಚ್ಲಿಲ್ಲ. "ಬಾಯಿ ತೆಗಿ" ಅಂದ್ಲು. ಫೋನಿನ ಬ್ಯಾಟ್ರಿ ಬುಟ್ಟು ನೋಡಿದ್ಲು, ಕುರಿ ಕೊಳ್ಳೋನು ಕುರಿ ಬಾಯಿ ನೋಡಂಗೆ. ನೋಡಿ, "ಅಣ್ಣಯ್ಯಾ, ಒಣಗಿದ ಬಾವಿ ಇದ್ದಂಗೈತೆ ಇದು. ತಳದ ಬಂಡೆ ಬೆಳ್ಳಗೆ ಕಾಣ್ತೈತೆ. ಏನ್ ಮಾಡ್ಕಂಡೆ?" ಅಂದ್ಲು. ನೆಲಗುಳ್ಳ, ಹೊಗೆ, ಹುಳ ಎಲ್ಲಾ ಹೇಳ್ದೆ. ಅವಳು ಹಣೆ ಚಚ್ಕಂಡ್ಲು. "ಹುಳಾನೂ ಇಲ್ಲ ಗಿಳಾನೂ ಇಲ್ಲ. ಕುರಿ ಗಾಯದ ಮ್ಯಾಲಿನ ಹಕ್ಕಳೆ ಕಿತ್ತಾಕಿದ್ರೆ ಏನಾಗ್ತದೆ ಅಂತ ನಿಂಗೊತ್ತಿಲ್ವಾ? ಹುಟ್ಟಿದ್ದಾಗಿಂದ ಕುರಿ ಕಾಯ್ದೋನು. ಕುರಿಗಿರೋ ಬುದ್ಧಿ ನಿನ್ನ ಬಾಯಿಗೆ ಬ್ಯಾಡ್ವಾ?"

ಅಲ್ಲಿಂದ ನಿಮ್ಮಜ್ಜಿ ರಾಜ್ಯಭಾರ. ಏನ್ ಹೆಣ್ಮಗಳಪ್ಪಾ ಅವಳು. ಉಗುರು ಬೆಚ್ಚಗಿನ ನೀರಿಗೆ ಉಪ್ಪು ಹಾಕಿ ಕೊಟ್ಲು. ನಾನು ಗಳಗಳ ಅನ್ನಿಸೋಕೆ ಹೋದೆ, ಬೆನ್ನಿಗೆ ಒಂದು ಬಿತ್ತು. "ಮುಕ್ಕಳಿಸ್ಬ್ಯಾಡ! ಬಾಯಾಗಿಟ್ಕ, ತಲೆ ವಾಲ್ಸು, ಬಾಯಿ ತೆಗಿ, ತಾನಾಗೇ ಸುರೀಲಿ. ಉಗ್ದೀಯಾ, ನೋಡು ಮತ್ತೆ." ಹಾಲು ಕುಡ್ದ ಮರಿ ಜೊಲ್ಲು ಸುರಿಸಂಗೆ ನಾನು ಅಲ್ಲಿ ನಿಂತು ಸುರಿಸಿದ್ದೇ ಸುರಿಸಿದ್ದು. ಇದೇ ಲಚ್ಚಿ ನೋಡಿ ನಕ್ಕಳು, ಜ್ಞಾಪಕ ಐತೇನೇ? ಆಮೇಲೆ ಲವಂಗ. ಬರೀ ಲವಂಗದೆಣ್ಣೆ ಬಾಟ್ಲಿಯಿಂದ ಸುರಿಯೋಕೆ ಅವಳು ಬುಡ್ಲಿಲ್ಲ, ವಸಡು ಸುಡ್ತದೆ ಅಂತ. ಲವಂಗ ಜಜ್ಜಿ, ಕೊಬ್ರಿ ಎಣ್ಣೆಯಾಗೆ ಸಣ್ಣ ಉರಿಯಾಗೆ ಬೆಚ್ಚಗೆ ಮಾಡಿ, ಸೋಸಿ, ಆರ್ಸಿ, ಹತ್ತಿ ಚೂರು ಅದ್ದಿ, ಚೆನ್ನಾಗಿ ಹಿಂಡಿ, ಆ ಗುಂಡಿ ಬಾಯಿ ಮ್ಯಾಲೆ ಇಟ್ಲು. ಒಳೀಕೆ ತುರುಕ್ಲಿಲ್ಲ, ಮ್ಯಾಲೆ ಇಟ್ಲು. ಮೊದ್ಲು ಚುರ್ ಅಂತು, ಆಮೇಲೆ ನೋಡಿ, ಮಳೆ ನಿಂತಂಗೆ ನೋವು ನಿಂತೋಯ್ತು. ಕಣ್ಣಾಗೆ ನೀರು ಬಂತು ನಂಗೆ. ವಸಿ ಹೊತ್ತಿಗೇ ಹತ್ತಿ ತೆಗೆದ್ಬುಟ್ಲು, "ಜಾಸ್ತಿ ಹೊತ್ತು ಬ್ಯಾಡ" ಅಂದ್ಲು. ಕೆನ್ನೆಗೆ ಒದ್ದೆ ಬಟ್ಟೆ. ತಿನ್ನೋಕೆ ತಣ್ಣಗಿನ ಅಂಬ್ಲಿ, ಅದೂ ಲೋಟ ಕಚ್ಚಿ ಹೀರಂಗಿಲ್ಲ, ಚಮಚದಾಗೆ. ನಾನೇ ಹೇಳ್ದೆ, "ಅರಿಶಿನ ಪುಡಿ ತುಂಬು, ಬೇಗ ಮಾಯ್ತದೆ." "ತುಂಬಿದ ಪುಡೀನ ಆಮೇಲೆ ತೆಗಿಯೋನು ಯಾರು, ನಿಮ್ಮ ರಂಗಪ್ಪಾನಾ?" ಅಂದ್ಲು. ಬೀಡಿ ಕಟ್ಟು ಎತ್ತಿ ಒಲೆಗಾಕಿದ್ಲು, ಕೇಳ್ಲೂ ಇಲ್ಲ. ಪಕ್ಕದ ಮನೆ ಓಬಳೇಸು ಬಂದ, ಒಳ್ಳೇ ಮನುಷ್ಯ, ನನ್ನ ಮುಖ ನೋಡಿ ಮರುಗಿ, "ಜಿಲ್ಲೇಡು ಪಾಲು ಪೆಟ್ಟಂಡಿ ಅಕ್ಕಾ, ಒಕ್ಕ ಚುಕ್ಕ ಚಾಲು" ಅಂದ. ಎಕ್ಕದ ಹಾಲು ಒಂದು ತೊಟ್ಟು ಇಡಿ ಅಂತ ಅವನ ಮಾತು. ಕರಿಯಮ್ಮ ಸೌಟು ಹಿಡ್ಕಂಡೇ ಆಚೆ ಬಂದು, "ಆಯ್ತಪ್ಪಾ, ಮೊದ್ಲು ನಿನ್ನ ಬಾಯಾಗೆ ಬುಟ್ಕಂಡು ತೋರ್ಸು. ನೀನು ಮಾತಾಡೋ ಹಂಗಿದ್ರೆ ನಮ್ಮಣ್ಣಂಗೂ ಬುಡಾನ" ಅಂದ್ಲು. ಅವನು ನಗ್ತಾ ಹೊಂಟೋದ.

ಆದ್ರೆ ಅವಳ ದೊಡ್ಡತನ ಇರೋದು ಇಲ್ಲಲ್ಲ ಕಣ್ರಲಾ, ಮುಂದೈತೆ. ಲವಂಗದಾಗೆ ನೋವು ಮಲಗ್ತಿತ್ತು, ಮತ್ತೆ ಏಳ್ತಿತ್ತು. ಎದ್ರೆ ಮುಂಚಿನಂಗೇ. ನಾನು ಮಾತ್ರ ನೋವು ಮಲಗಿದ್ದಾಗ್ಲೇ, "ವಾಸಿಯಾಯ್ತು ಕಣಮ್ಮ, ನಾಳೆ ಬೆಳಗ್ಗೆ ಹಟ್ಟಿಯೋರ ಜೊತೆ ಮಂದೆ ಹೊಂಡಿಸ್ತೀನಿ" ಅಂದೆ. ಅವ್ರು ಹೊಂಡೋದು ಮಾರನೇ ದಿನವೇ ಇತ್ತು. ಒಂದು ಜಾಗದಾಗೆ ಕುಂತು ನಂಗೂ ಕಾಲು ತುರಿಸ್ತಿತ್ತು, ಸುಳ್ಳು ಯಾಕೆ. ಕರಿಯಮ್ಮ ಲವಂಗದ ಡಬ್ಬಿ ಮುಚ್ಚಳ ಹಾಕ್ತಾ ಹಾಕ್ತಾ, "ಅಣ್ಣಯ್ಯಾ, ನನ್ನ ಲವಂಗ ನೋವನ್ನ ಮಲಗಿಸ್ತದೆ, ಗಾಯ ತೊಳೆಯಲ್ಲ. ಬಾಯಿ ವಾಸನೆ ಹೋಗಿಲ್ಲ, ಬಂಡೆ ಇನ್ನೂ ಬೆಳ್ಳಗೆ ಐತೆ. ನನ್ನ ಕೈಲಾಗೋದು ಇಷ್ಟೇ. ನಾಳೆ ಪಾವಗಡಕ್ಕೆ ಡಾಕ್ಟ್ರ ಹತ್ರ ಹೋಗು" ಅಂದ್ಲು. "ಮಂದೆ?" ಅಂದೆ. ಅವಳು ಡಬ್ಬಿ ಗೂಡಿಗಿಟ್ಲು. "ಕರೀ, ಹಟ್ಟಿಯೋರು ಹೋದ್ರೆ ಒಂಟಿ ಮಂದೆ ಹೋಗಕ್ಕಾಗಲ್ಲ. ನಿನ್ನ ಮಗ ವ್ಯಾಪಾರದೋನಿಗೆ ಫೋನ್ ಮಾಡ್ತಾನೆ. ಕುರಿ ಮಾರೋಯ್ತವೆ ಕಣೇ" ಅಂದೆ. ಅದಕ್ಕವಳು, "ಕುರಿ ಹೋದ್ರೆ ಕುರಿ ತರ್ಬೋದು. ಅಣ್ಣನ್ನ ಯಾವ ಸಂತೆಯಾಗೆ ತರ್ಲಿ?" ಅಂದ್ಲು. ಹಂಗಂದು ಎದ್ದು ಒಳೀಕೆ ಹೋದ್ಲು. ಬೆಳಗಾಗೆದ್ದು ನೋಡೋಕೆ ಇರೋ ಅಷ್ಟೂ ಮುಖಾನ ನನ್ನ ಒಂದು ದವಡೆಗೋಸ್ಕರ ಬುಟ್ಟುಕೊಡೋಕೆ ತಯಾರಾಗಿದ್ಲು ಕಣ್ರಲಾ. ಹೂಂ, ಹೋಗ್ತೀನಿ ಅಂದೆ.

ಬೆಳಕು ಹರೀತಿತ್ತು. ಬಸ್ಸಿಗೆ ಹೊಂಡೋಕೆ ಪಂಚೆ ಉಟ್ಕತಾ ಒಳಗಿದ್ದೆ. ಆಚೆ ಕುರಿ ರೊಪ್ಪದ ಕಡೆಯಿಂದ ಕೇಳಿಸ್ತು, "ಹ್ಹೋ… ಟಿರ್ರ್ರ್… ಬಾವ್ವಾ ಬಾ…" ಕೊನೆಗೆ "ಖೊಳ್" ಅಂತ ಒಂದು ಕೆಮ್ಮು. ಅದು ನನ್ನ ಕೂಗು! ನಾನು ಒಳಗಿದೀನಿ, ನನ್ನ ಕೂಗು ಆಚೆ ಹೋಗ್ತೈತೆ! ದೂರ ಹೊಂಡೋಕೆ ನಮ್ಮ ಮಂದೆ ಆ ಕೂಗಿಗೆ ಬಿಟ್ರೆ ಇನ್ನೊಂದಕ್ಕೆ ಏಳಲ್ಲ, ನಿಮ್ಮಪ್ಪ ಕರ್ದು ಕರ್ದು ಸೋತಿದ್ದ. ಓಡಿ ಬಂದು ನೋಡ್ತೀನಿ, ಕರಿಯಮ್ಮ. ನನ್ನ ಕಂಬಳಿ ಹೊದ್ಕಂಡವ್ಳೆ, ನನ್ನ ಕೋಲು ಹಿಡ್ದವ್ಳೆ, ಮಂಡಿಗೆ ಬಟ್ಟೆ ಬಿಗಿದು ಕಟ್ಟವ್ಳೆ. ಕುರಿ ಒಂದೊಂದೇ ಎದ್ದು, ಮೈ ಒದರಿ, ಅವಳ ಬೆನ್ನಿಂದೆ ಸಾಲು. ವರ್ಷಾ ವರ್ಷಾ ನಾನು ಕೂಗ್ಕಂಡು ಹೋಗೋದನ್ನ ಈ ಜಗಲಿ ಮ್ಯಾಲೆ ನಿಂತು ಕೇಳಿ ಕೇಳಿ, ನನ್ನ ಬೀಡಿ ಕೆಮ್ಮನ್ನೂ ಬುಡ್ದಂಗೆ ಕಲ್ತಿದ್ಲು! "ಎಲ್ಲಿಗೇ?" ಅಂದೆ. "ಕೊಳಾಲಕ್ಕೆ. ಮಾರೋಕೆ ಮನಸ್ಸು ಬರ್ಲಿಲ್ಲ ಅಣ್ಣಯ್ಯಾ. ಹಟ್ಟಿಯೋರು ಜೊತೆಗವ್ರೆ. ನೀನು ಬಸ್ಸು ತಪ್ಪಿಸ್ಕಬ್ಯಾಡ." "ನಿನ್ನ ಮಂಡಿ?" "ಮಂಡಿ ಇಲ್ಲಿದ್ರೂ ನೋಯ್ತದೆ, ಅಲ್ಲಿದ್ರೂ ನೋಯ್ತದೆ" ಅಂದ್ಲು. ಹಿಂದಕ್ಕೆ ತಿರುಗಿ ನೋಡ್ಲೇ ಇಲ್ಲ. ಥೇಟ್ ಆ ಮಂಗಳವಾರದ ಮುದುಕನಂಗೆ. ಆ ಸಾಲು ಸೋಲಾರ್ ಬೇಲಿ ಪಕ್ಕ ಸಣ್ಣಗಾಗೋ ತನಕ ಬಾಗ್ಲಾಗೆ ನಿಂತಿದ್ದೆ. ಹೋಗೋರನ್ನ ಬಾಗ್ಲಾಗೆ ನಿಂತು ನೋಡೋದು ಹೆಂಗಿರ್ತದೆ ಅಂತ ಅವತ್ತೇ ಗೊತ್ತಾಗಿದ್ದು ನಂಗೆ.

ಪಾವಗಡದಾಗೆ ಡಾಕ್ಟ್ರು ನೋಡಿ, "ಏಮಯ್ಯಾ ಪೆದ್ದಾಯನಾ, ಏನು ಯಜಮಾನ, ಹೆಪ್ಪು ಕಿತ್ಕೊಂಡು ಬಂದಿದೀಯಲ್ಲ. ಡ್ರೈ ಸಾಕೆಟ್ ಅಂತೀವಿ ಇದಕ್ಕೆ, ಗುಂಡಿ ಒಣಗಿ ಮೂಳೆ ಬಯಲಾಗಿದೆ" ಅಂದ್ರು. ಕರಿಯಮ್ಮ ಹೇಳಿದ ಒಣಬಾವೀನೇ. ಬೆಚ್ಚಗಿನ ನೀರಾಗೆ ಮೆಲ್ಲಗೆ ತೊಳೆದು, ಸಣ್ಣ ಬಟ್ಟೆ ಎಳೆಗೆ ಔಷಧಿ ಹಚ್ಚಿ ಒಳಗಿಟ್ರು. ಇಟ್ಟಿದ್ದೇ ತಡ, ಘಮ್ ಅಂತ ಲವಂಗದ ವಾಸನೆ! "ಸಾ, ನಮ್ಮ ಕರಿಯಮ್ಮನ ಡಬ್ಬಿ ನಿಮ್ಮ ಹತ್ರ ಹೆಂಗ್ ಬಂತು?" ಅಂದೆ. ಅವ್ರು ನಕ್ಕು, ಏನೇನು ಮಾಡಿದ್ಲು ಅಂತ ಎಲ್ಲಾ ಕೇಳ್ಕಂಡು, "ಇದ್ರಲ್ಲೂ ಲವಂಗದೆಣ್ಣೆ ಸಾರ ಇದೆ ತಾತ. ಆಯಮ್ಮ ಮಾಡಿದ್ದು ಸರಿ. ಅದಕ್ಕಿಂತ ಸರಿಯಾಗಿದ್ದು ನಿನ್ನ ಇಲ್ಲಿಗೆ ಕಳಿಸಿದ್ದು. ನೋವು ಹೋಯ್ತು ಅಂತ ಕುರಿ ಹಿಂದೆ ಹೋಗಿದ್ರೆ ದವಡೆಯಲ್ಲಿ ಕೀವು ತುಂಬ್ಕೊಂಡು ಬರ್ತಿದ್ದೆ" ಅಂದ್ರು. ಇನ್ನೊಂದು ಸಲ ಬಂದು ಆ ಬಟ್ಟೆ ಬದಲಾಯಿಸ್ಕಬೇಕು, ಅಲ್ಲೀವರ್ಗೂ ಎಲ್ಲೂ ಹೋಗಂಗಿಲ್ಲ ಅಂತ ಅಪ್ಪಣೆ. ಇದ್ದೆ. ಈ ಜಗಲಿ ಮ್ಯಾಲೆ ಅಂಬ್ಲಿ ಕುಡ್ಕಂಡು, ಉಪ್ಪು ನೀರು ಸುರಿಸ್ಕಂಡು, ಬೀಡಿ ಇಲ್ದೆ, ನೆಟ್ಟಗೆ ಇದ್ದೆ. ಮನೇಲಿ ಇರೋದು ಅಂದ್ರೇನು ಅಂತ ನಾನು ಕಲ್ತಿದ್ದೇ ಆಗ.

ಡಾಕ್ಟ್ರು ಇನ್ನು ಹೋಗು ಅಂದಿದ್ದೇ ತಡ ಬಸ್ ಹತ್ತಿದೆ. ಮಿಡಿಗೇಶಿ ದಾಟಿ ಮಧುಗಿರಿ ಕಡೆ ಒಂದು ಹುಣಸೆ ಮರದ ಕೆಳಗೆ ಮಂದೆ ಸಿಕ್ತು. ಎಲ್ಲಾ ಹೊಟ್ಟೆ ತುಂಬಿ ಮೆಲುಕು ಹಾಕ್ತಾ ಮಲಗವೆ. ಕರಿಯಮ್ಮ ಮರಕ್ಕೆ ಒರಗಿ ಕಾಲು ಚಾಚಿ ಕುಂತವ್ಳೆ, ಹೊಸದಾಗಿ ಹುಟ್ಟಿದ ಮರಿ ಒಂದು ತೊಡೆ ಮ್ಯಾಲೆ. ಬಿಸಿಲಿಗೆ ಮುಖ ಕೆಂಡ ಆಗೈತೆ. "ಬಂದ್ಯಾ ಸಾಹೇಬ? ಬಾಯಿ ತೆಗಿ" ಅಂದ್ಲು. ನಡುರೋಡ್ನಾಗೆ ಬಾಯಿ ತೆಗೆದೆ. ನೋಡಿದ್ಲು. "ಬಂಡೆ ಮುಚ್ಕಂಡೈತೆ" ಅಂದ್ಲು. ನಾನು ಕೋಲಿಗೆ ಕೈ ಚಾಚಿದೆ, "ಕೊಡಮ್ಮ, ಸಾಕು, ನೀನಿನ್ನು ಬಸ್ನಾಗೆ ಹೋಗು." ಕೊಡ್ಲಿಲ್ಲ ಕಣ್ರಲಾ! "ಕೊಳಾಲ ಹೆಂಗೈತೆ ಅಂತ ನಾನೂ ನೋಡ್ತೀನಿ. ನೀನು ಹಿಂದೆ ಬಾ, ಕುಂಟೋ ಮರಿ ಎತ್ಕ" ಅಂದ್ಲು. ಹಿಂದೇನೇ ಹೋದೆ, ಮರಿ ಎತ್ಕಂಡು, ಅವಳ ಕೂಗು ಕೇಳ್ಕಂಡು.

ಅಗೋ, ನಿಮ್ಮಜ್ಜಿ ಆಚೆ ಮಂದೆ ಕೂಗೋಕೆ ಶುರು ಮಾಡಿದ್ಲು ನೋಡಿ. ಕೇಳಿಸ್ತಾ? ಕೆಮ್ಮೂ ಐತೆ ಈ ಸಲಾನೂ. ನಾನೇ ಬೀಡಿ ಬುಟ್ಟು ಕೆಮ್ಮು ನಿಂತೋಯ್ತು, ಅವಳ ಕೂಗಿನಾಗೆ ಮಾತ್ರ ಉಳ್ಕಂಡೈತೆ. ಲಚ್ಚಿ, ಆ ಕಂಬಳಿ ಕೊಡು ಇಲ್ಲಿ. ಆ ಲವಂಗದ ಪೊಟ್ಟಣ ಗಂಟಿನಾಗೆ ಮ್ಯಾಲೇ ಇಡು, ತಳಕ್ಕೆ ಹಾಕ್ಬ್ಯಾಡ. ಹಲ್ಲು ಕೀಳಿಸ್ಕಂಡ್ರೆ ಒಂದು ಕಡೆ ಸುಮ್ಕೆ ಕುಂತ್ಕಳ್ರಲಾ, ರೋಡು ಎಲ್ಲಿಗೂ ಓಡೋಗಲ್ಲ. ನೋವಾದ್ರೆ ಲವಂಗ ಇಡಿ, ಇಟ್ಟು ಡಾಕ್ಟ್ರ ಹತ್ರ ಹೋಗಿ. ಅಷ್ಟೇ. ಬಂದೆ ಕಣಮ್ಮೋ, ಬಂದೆ, ಚಪ್ಲಿ ಹಾಕ್ಕತಾ ಇದೀನಿ!